ಇಮ್ಮಡಿ ಪುಲಿಕೇಶಿಯ ಅರ್ಧ ಯೂನಿಟ್

ನಮ್ಮ ಹಿತ್ತಿಲಿನ ಮೂಲೆಯಲ್ಲಿ, ಬೆಕ್ಕು ತನ್ನ ದೇಹಬಾಧೆಯ ನಿವಾರಣೆಗೆಂದು ಬಹುಕಾಲದಿಂದ ಕಾದಿರಿಸಿಕೊಂಡಿದ್ದ ಉಸುಕಿನ ಗುಂಪಿಯ ಮೇಲೆ ಇರುವೆಗಳು ಸಾಲುಗಟ್ಟಿ ನೆರೆದುದನ್ನು ಮೊತ್ತಮೊದಲು ಕಂಡವಳು ನನ್ನ ಗೃಹಿಣಿ. ಆದರೆ ಆ ದೃಶ್ಯದ ಅರ್ಥವನ್ನು ಗ್ರಹಿಸಿದವನು ನಾನು ಎಂಬ ಕೀರ್ತಿಯನ್ನು ಮಾತ್ರ ಯಾರಿಗೂ ಬಿಟ್ಟುಕೊಡಲು ನಾನು ಸಿದ್ಧನಿಲ್ಲ. “ರೀ, ಉಸುಕಿಗೆ ಇಷ್ಟ್ಯಾಕ ಇರವಿ ಹತ್ಯಾವ? ಬೆಲ್ಲಾ ಗಿಲ್ಲಾ ಚೆಲ್ಲೀರೇನು?” ಎಂದು ಆಕೆ ಕೇಳಿದಳು. ಬೆಲ್ಲದ ವಿಷಯದಲ್ಲಿ ಆಕೆಗೆ ನನ್ನ ಮೇಲೆ ನಂಬಿಕೆಯಿಲ್ಲ. ಅಂದು ಮಾತ್ರ ನಾನು ನಿರಪರಾಧಿಯಾಗಿದ್ದೆ. ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ದೇಶದ ಪ್ರಾಚೀನ ವೈದ್ಯರು ಕಂಡಿದ್ದರೆಂದೂ, ಅದರಿಂದಲೇ ಆ ವ್ಯಾಧಿಗೆ ಮಧುಮೇಹವೆಂಬ ರುಚಿಕರವಾದ ನಾಮಧೇಯ ಸಂದಿತೆಂದೂ, ಹನ್ನೆರಡು ವರ್ಷಗಳಿಂದ ಆ ವ್ಯಾಧಿಯನ್ನು ನಿಷ್ಠೆಯಿಂದ ಸಾಕಿಕೊಂಡು ಬಂದಿರುವ ನನಗೆ ತಿಳಿದಿತ್ತು. ಮನುಷ್ಯನ ರಕ್ತದಲ್ಲಿ ಸಕ್ಕರೆ ಸುಮಾರು 180ನ್ನು ದಾಟಿದೊಡನೆ ಮೂತ್ರಪಿಂಡ ಅದನ್ನು ಹೊರಗೆ ಚೆಲ್ಲತೊಡಗುತ್ತದೆ. ಬೆಕ್ಕಿನ ಮೂತ್ರಪಿಂಡ ಇನ್ನೂ ಜಿಪುಣ, 250ನ್ನು ಮೀರುವ ತನಕ ಕೈಬಿಚ್ಚುವುದಿಲ್ಲ. ಅಂದಮೇಲೆ ಇರುವೆಗಳ ಈ ಸಮಾರಾಧನೆ ನಡೆಯಬೇಕಾದರೆ ಒಳಗೆ ಭಂಡಾರವೇ ಒಡೆದಿರಬೇಕು.

ರೋಗಿಯ ಪರಿಚಯವನ್ನು ಇಲ್ಲಿ ಮಾಡಿಕೊಡುವುದು ಉಚಿತ. ಐಹೊಳೆಯಲ್ಲಿ ಹೆಸರುಗಳನ್ನು ನಂಬುವಂತಿಲ್ಲ. ದುರ್ಗದ ಗುಡಿಗೆ ಆ ಹೆಸರು ಬಂದುದು ದುರ್ಗಾದೇವಿಯಿಂದಲ್ಲ, ಪಕ್ಕದ ಕೋಟೆಯಿಂದ. ಲಾಡಖಾನ ಗುಡಿಗೆ ಹೆಸರು ಕೊಟ್ಟವನು ಅದನ್ನು ಕಟ್ಟಿಸಿದವನೂ ಅಲ್ಲ, ಅದರೊಳಗಿನ ದೇವನೂ ಅಲ್ಲ, ಒಂದು ಕಾಲದಲ್ಲಿ ಅಲ್ಲಿ ಸಂಸಾರ ಹೂಡಿದ್ದ ಒಬ್ಬ ಗೃಹಸ್ಥ. ಗುಡಿಗಳಲ್ಲಿ ಜನ ಮನೆ ಮಾಡಿದ ಈ ಊರಿನಲ್ಲಿ, ಹುಚ್ಚಿಮಲ್ಲಿ ಗುಡಿಯ ಬೆನ್ನಿಗೆ ಹುಟ್ಟಿದ ಒಂದು ಬೆಕ್ಕಿನ ಮರಿ ಗುಡಿಯನ್ನು ಬಿಟ್ಟು ನಮ್ಮ ಮನೆಗೆ ಬಂದುದು ಆ ಪರಂಪರೆಗೆ ತಿರುವುಮುರುವಾದ ನಡೆಯಷ್ಟೆ. ಮೈಮೇಲೆ ಹುಲಿಯ ಪಟ್ಟೆಗಳಿದ್ದುದರಿಂದ ಪುಲಿಕೇಶಿಯೆಂದು ಕರೆದೆವು. ಅದಕ್ಕೆ ಹಿಂದೆ ಅದೇ ಹೆಸರಿನ ಮತ್ತೊಂದು ಬೆಕ್ಕು ನಮ್ಮಲ್ಲಿದ್ದು ಗತಿಸಿದ್ದುದರಿಂದ ಇದು ಇಮ್ಮಡಿ ಪುಲಿಕೇಶಿಯಾಯಿತು. ಹಾಲಿನಲ್ಲಿ ಚೂರು ಮಾಡಿ ನೆನೆಸಿದ ಜೋಳದ ರೊಟ್ಟಿಯನ್ನೂ ಹಾಲನ್ನವನ್ನೂ ಹನ್ನೊಂದು ವರ್ಷ ಉಂಡು ಆರು ಕಿಲೋ ತೂಗಿದಾಗ, ‘ಇಮ್ಮಡಿ’ ಎಂಬ ವಿಶೇಷಣ ಬೇರೊಂದು ಅರ್ಥದಲ್ಲಿಯೂ ಸಾರ್ಥಕವಾಯಿತು.

ನಮ್ಮ ದನದ ಡಾಕ್ಟರರು ತರುಣರು, ಪ್ರಾಮಾಣಿಕರು. ಅಮೀನಗಡದ ಸಂತೆಗೆ ಬರುವ ಕುರಿಗಳನ್ನೂ ಎತ್ತುಗಳನ್ನೂ ನೋಡಿ ಪಳಗಿದ ತಮ್ಮ ಕೈಗೆ ಬೆಕ್ಕಿನ ಸಕ್ಕರೆ ಬೇನೆ ಹೊಸದೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡು, ಬೀದರಿನಲ್ಲಿ ತಮಗೆ ವಿದ್ಯೆ ಕಲಿಸಿದ ಗುರುಗಳಿಗೆ ಫೋನು ಮಾಡಿ ಕೇಳಿ, ಗ್ಲಾರ್ಜಿನ್ ಎಂಬ ಇನ್ಸುಲಿನ್ನನ್ನು ಹನ್ನೆರಡು ತಾಸಿಗೊಮ್ಮೆ ಒಂದು ಯೂನಿಟ್‌ನಂತೆ ಪ್ರಾರಂಭಿಸಿದರು. ಅನಂತರ ಅವರು ನುಡಿದ ಮಾತು ನಮ್ಮ ಮನೆಯ ಮೇಲೆ ಸಿಡಿಲಿನಂತೆ ಎರಗಿತು: “ಮಾಸ್ತರ, ರೊಟ್ಟಿ ಅನ್ನ ಬಂದ್ ಮಾಡ್ರಿ. ಬೆಕ್ಕು ಮಾಂಸಾಹಾರಿ ಪ್ರಾಣಿ. ಮೀನಾ, ಕೋಳಿ ಹಾಕ್ರಿ.” ಮೂರು ತಲೆಮಾರುಗಳಿಂದ ಮೊಟ್ಟೆಯ ಸಿಪ್ಪೆಯನ್ನೂ ಕಾಣದ ನಮ್ಮ ಅಡಿಗೆಮನೆಯ ಮರ್ಯಾದೆಯನ್ನು ಕಾಯುವುದಕ್ಕಾಗಿ ಹಿತ್ತಿಲಿನಲ್ಲಿ ಮೂರು ಕಲ್ಲು ಹೂಡಿ, ಮೂಗಿಗೆ ಧೋತರದ ಸೆರಗನ್ನು ಸುತ್ತಿಕೊಂಡು, ಮಲಪ್ರಭೆಯ ಮೀನನ್ನು ಉಪ್ಪಿಲ್ಲದೆ ಕುದಿಸುವ ಕಾಯಕವನ್ನು ನಾನೇ ವಹಿಸಿಕೊಳ್ಳಬೇಕಾಯಿತು. ಪರಶುರಾಮನು ರಕ್ತಸಿಕ್ತವಾದ ಕೊಡಲಿಯನ್ನು ಇದೇ ಹೊಳೆಯಲ್ಲಿ ತೊಳೆದನೆಂದು ನಮ್ಮೂರಿನ ಐತಿಹ್ಯ. ಪಾತ್ರೆ ತೊಳೆಯಲು ಹೋದಾಗಲೆಲ್ಲ ಆ ಮಹಾನುಭಾವನ ಸಂಕಟ ನನಗೆ ಅರ್ಥವಾಗುತ್ತಿತ್ತು.

ಔಷಧವನ್ನು ತರಲು ಹುನಗುಂದಕ್ಕೆ ಹೋದೆ. “ಪೇಶಂಟ್ ಹೆಸರೇನ್ರೀ ಮಾಸ್ತರ?” ಎಂದ ಅಂಗಡಿಯಾತ. “ಪುಲಿಕೇಶಿ.” “ವಯಸ್ಸು?” “ಹನ್ನೊಂದು.” ಆತ ಲೇಖನಿಯನ್ನು ಕೆಳಗಿಟ್ಟ. “ಅಯ್ಯ ಶಿವನೇ, ಇಷ್ಟ್ ಸಣ್ಣ ವಯಸ್ಸಿನ್ಯಾಗ! ಮೊಮ್ಮಗ ಏನ್ರೀ?” ಮೂವತ್ತನಾಲ್ಕು ವರ್ಷ ಹುಡುಗರಿಗೆ ಸತ್ಯವನ್ನೇ ನುಡಿಯಿರೆಂದು ಬೋಧಿಸಿದ ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ಕಣ್ಣನ್ನು ಒರೆಸಿಕೊಂಡೆ. ಹತ್ತು ರೂಪಾಯಿ ಕಡಿಮೆ ಮಾಡಿದ. ಆದರೆ ಆ ಕನಿಕರದ ಭರದಲ್ಲಿ ಆತ ಕೆಂಪು ಟೊಪ್ಪಿಗೆಯ ಸಿರಿಂಜುಗಳನ್ನು ಕಟ್ಟಿಕೊಟ್ಟಿದ್ದ. ಕೆಂಪು ಟೊಪ್ಪಿಗೆಯದು ಮಿಲಿಲೀಟರಿಗೆ 40 ಯೂನಿಟ್‌ನ ಔಷಧಕ್ಕೆ, ಕಿತ್ತಳೆ ಬಣ್ಣದ್ದು 100 ಯೂನಿಟ್‌ನ ಔಷಧಕ್ಕೆ. ಗ್ಲಾರ್ಜಿನ್ ಎರಡನೆಯ ಪಂಗಡದ್ದು. ಕೆಂಪು ಸಿರಿಂಜಿನ ಒಂದನೆಯ ಗೆರೆಯವರೆಗೆ ಅದನ್ನು ಎಳೆದಿದ್ದರೆ ಚಕ್ರವರ್ತಿಯ ದೇಹಕ್ಕೆ ಒಂದರ ಬದಲು ಎರಡೂವರೆ ಯೂನಿಟ್ ಸಂದು, ಚಾಳುಕ್ಯ ಸಾಮ್ರಾಜ್ಯ ಅಂದೇ ಅಸ್ತಂಗತವಾಗುತ್ತಿತ್ತು. ಮರಳಿ ಹೋಗಿ ಬದಲಾಯಿಸಿಕೊಂಡು ಬಂದೆ. ಆ ಹತ್ತು ರೂಪಾಯಿ ಬಸ್ಸಿನ ಖರ್ಚಿಗೂ ಸಾಲಲಿಲ್ಲ.

ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ತಾನಾಗಿಯೇ ಏರುವುದರಿಂದ ಆಸ್ಪತ್ರೆಯಲ್ಲಿ ತೆಗೆದ ಅಂಕಿಗೆ ಬೆಲೆ ಕಡಿಮೆಯೆಂದೂ, ಕಿವಿಯ ಅಂಚಿನಲ್ಲಿ ಚುಚ್ಚಿ ಮನೆಯಲ್ಲಿಯೇ ನೋಡಬೇಕೆಂದೂ ಡಾಕ್ಟರರು ತಿಳಿಸಿದರು. ನನ್ನ ಗ್ಲೂಕೋಮೀಟರೇ ಅದಕ್ಕೂ ಆಯಿತು. ಮನುಷ್ಯರ ಯಂತ್ರ ಬೆಕ್ಕಿನ ಸಕ್ಕರೆಯನ್ನು ಸಾಮಾನ್ಯವಾಗಿ ಇದ್ದುದಕ್ಕಿಂತ ಕಡಿಮೆ ತೋರಿಸುತ್ತದಂತೆ. ನನ್ನದನ್ನು ಮಾತ್ರ ಒಂದಂಕಿಯೂ ಕಡಿಮೆ ಮಾಡದೆ ತೋರಿಸುವುದು ಪಂಕ್ತಿಭೇದವಲ್ಲವೆ? ಪ್ರತಿ ಸಲ ಕಿವಿ ಚುಚ್ಚಿಸಿಕೊಂಡ ಮೇಲೆ ಒಂದು ತುಂಡು ಕೋಳಿ ದಕ್ಷಿಣೆ. ಎರಡು ವಾರಗಳಲ್ಲಿ ಪುಲಿಕೇಶಿ ಹೊತ್ತಿಗೆ ಸರಿಯಾಗಿ ಬಂದು ಚಾಪೆಯ ಮೇಲೆ ಕುಳಿತು ಕಿವಿಯನ್ನು ಒಡ್ಡಲು ಕಲಿತ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ನಾಯಿಗಳ ಮೇಲೆ ಪ್ರಯೋಗ ನಡೆಸಿ ಈ ಔಷಧವನ್ನು ಕಂಡುಕೊಂಡರೆಂದೂ, ಆದಕಾರಣ ಶ್ವಾನಕುಲಕ್ಕೆ ಆತ ಋಣಿಯಾಗಿರಬೇಕೆಂದೂ ನಾನು ಹೇಳಿದಾಗ ಬಾಯಿ ತೆರೆದು ಆಕಳಿಸಿದ.

ದಿನಕ್ಕೆರಡು ಬಾರಿ ಅಂಕಿ, ಪ್ರಮಾಣ, ಉಂಡದ್ದು, ಮಲಗಿದ್ದು ಇವೆಲ್ಲವನ್ನು ಒಂದು ವಹಿಯಲ್ಲಿ ಬರೆದಿಟ್ಟೆ. ಈ ಕಾರ್ಯದಲ್ಲಿ ನನಗೆ ಮೇಲ್ಪಂಕ್ತಿಯಾದವನು ಕವಿ ರವಿಕೀರ್ತಿ. ಮೇಗುತಿಯ ಗುಡ್ಡದ ಮೇಲೆ ಮೊದಲನೆಯ ಪುಲಿಕೇಶಿಗಲ್ಲ, ಇಮ್ಮಡಿಗೇ ಶಾಸನ ಬರೆದವನು. ಕಾಳಿದಾಸ ಭಾರವಿಗಳೊಡನೆ ತನ್ನನ್ನು ಸರಿದೂಗಿಸಿಕೊಂಡವನು. ಭಾರತಯುದ್ಧದಿಂದ 3735, ಶಕವರ್ಷ 556 ಎಂದು ಎರಡೆರಡು ಲೆಕ್ಕಗಳಲ್ಲಿ ಕಾಲವನ್ನು ನಮೂದಿಸಿದ ಎಚ್ಚರಿಕೆಯ ಮನುಷ್ಯ. ಕಿವಿಯ ಗಣನೆಯಲ್ಲಿ ನಾನೂ ಅಷ್ಟೇ ಎಚ್ಚರಿಕೆಯವನಾಗಿದ್ದೆ: ಎಡಗಿವಿ 212, ಬಲಗಿವಿ 219. ನನ್ನ ಬೆರಳಿನ ಅಂಕಿಗಳನ್ನು ಎಲ್ಲಿಯೂ ಬರೆದಿಡಲಿಲ್ಲ. ಪ್ರಶಸ್ತಿಗೆ ಯೋಗ್ಯವಾದುದನ್ನು ಮಾತ್ರ ಶಾಸನದಲ್ಲಿ ಕೆತ್ತಿಸುವುದು ವಾಡಿಕೆ.

ಎರಡು ತಿಂಗಳು ಕಳೆಯುವುದರೊಳಗಾಗಿ 219 ಎಂಬುದು 160 ಆಯಿತು, 110 ಆಯಿತು, 90ರ ಕೆಳಗೂ ಒಮ್ಮೊಮ್ಮೆ ಇಣುಕಿತು. ಅಲ್ಲಿಗೆ ನನ್ನ ಸುಖ ಮುಗಿಯಿತು. ಬೇನೆ ಏರಿದ್ದಾಗ ಔಷಧ ಕೊಡುವವನಿಗೆ ಯಾವ ಧರ್ಮಸಂಕಟವೂ ಇಲ್ಲ. ಸಕ್ಕರೆಯ ಹೊರೆಯಲ್ಲಿ ದಣಿದು ಕೈಚೆಲ್ಲಿದ್ದ ಮೇದೋಜೀರಕದ ಜೀವಕಣಗಳು ಇಷ್ಟು ದಿನದ ವಿಶ್ರಾಂತಿಯಿಂದ ಚೇತರಿಸಿಕೊಂಡು ತಮ್ಮ ಇನ್ಸುಲಿನ್ನನ್ನು ತಾವೇ ತಯಾರಿಸತೊಡಗಿದಾಗ, ನಿನ್ನೆಯವರೆಗೆ ಅಮೃತವಾಗಿದ್ದ ಅದೇ ಒಂದು ಯೂನಿಟ್ ಇಂದು ವಿಷವಾಗಬಲ್ಲದು. ಆ ಕಣಗಳಾದರೋ ತಾವು ಕೆಲಸಕ್ಕೆ ಮರಳಿದ ವರ್ತಮಾನವನ್ನು ಅರ್ಜಿ ಬರೆದು ತಿಳಿಸುವುದಿಲ್ಲ. ಒಂದು ರಾತ್ರಿ ಪುಲಿಕೇಶಿ ಹಿಂಗಾಲುಗಳನ್ನು ಎಳೆಯುತ್ತ ಕುಡಿದವನಂತೆ ಪಡಸಾಲೆಯನ್ನು ದಾಟಿದ. ಯಂತ್ರದಲ್ಲಿ 46. ನಡುಗುವ ಬೆರಳಿನಿಂದ ಜೇನುತುಪ್ಪವನ್ನು ಅವನ ವಸಡಿಗೆ ಹಚ್ಚಿ ಹಚ್ಚಿ, ಡಾಕ್ಟರರನ್ನು ಫೋನಿನಲ್ಲಿ ಎಬ್ಬಿಸಿ, ಬೆಳಗಿನ ತನಕ ಮಗ್ಗುಲಲ್ಲಿ ಕುಳಿತಿದ್ದೆ. ಸಿಹಿಯನ್ನು ಸವಿಯುವ ಗುಣಾಣು ಬೆಕ್ಕುಗಳಲ್ಲಿ ಕೆಟ್ಟುಹೋಗಿದೆಯೆಂದು ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟರು; ಜೇನಿನ ರುಚಿಯನ್ನೇ ಅರಿಯದ ಪ್ರಾಣಿಗೆ ಸಿಹಿಯ ಬೇನೆ ಬಂದು, ಅದರ ಪ್ರಾಣವನ್ನು ಜೇನೇ ಉಳಿಸಬೇಕಾಯಿತು; ರುಚಿಯನ್ನು ಬಲ್ಲ ನಾನು ಮಾತ್ರ ಬಾಟಲಿಯ ಮುಚ್ಚಳವನ್ನು ನೆಕ್ಕಲಾರದೆ ಕುಳಿತಿದ್ದೆ. (ಒಮ್ಮೆ ನೆಕ್ಕಿದೆ. ಆಕೆ ಆಗ ಹಾಲು ತರಲು ಒಳಗೆ ಹೋಗಿದ್ದಳು.)

ಮರುದಿನದಿಂದ ಅರ್ಧ ಯೂನಿಟ್. ಒಂದು ಯೂನಿಟ್ ಎಂದರೆ ಮಿಲಿಲೀಟರಿನ ನೂರನೆಯ ಒಂದು ಪಾಲು. ಅದರ ಅರ್ಧವೆಂದರೆ ಒಂದು ಸಾಧಾರಣ ಹನಿಯ ಹತ್ತನೆಯ ಒಂದು ಪಾಲು. ನೀರು ಬೆರೆಸಿ ತೆಳುಮಾಡೋಣವೆಂದರೆ ಈ ಔಷಧಕ್ಕೆ ಅದು ಸಲ್ಲದು. ಅರ್ಧದ ಗೆರೆಯುಳ್ಳ ಸಿರಿಂಜನ್ನು ಬೆಂಗಳೂರಿನಿಂದ ತರಿಸಿ, ಕನ್ನಡಕದ ಮೇಲೊಂದು ಭೂತಗನ್ನಡಿಯನ್ನು ಹಿಡಿದು, ಅಶೋಕನ ಶಾಸನದಲ್ಲಿ ಅಳಿಸಿದ ಅಕ್ಷರವನ್ನು ಹುಡುಕುವ ಲಿಪಿತಜ್ಞನಂತೆ ನಾನು ಬೆಳಕಿಗೆ ಎತ್ತಿ ನೋಡುತ್ತಿರುವಾಗ ನನ್ನಾಕೆಯ ತೀರ್ಪು ಹೊರಬೀಳುತ್ತಿತ್ತು: “ಹೆಚ್ಚಾತು.” ಒಂದಿಷ್ಟು ತಳ್ಳಿದರೆ, “ಈಗ ಏನೂ ಉಳೀಲಿಲ್ಲ.” ಬೆಳಿಗ್ಗೆ 84 ಬಂದರೆ ಅರ್ಧವೋ, ಕಾಲೋ, ಸೊನ್ನೆಯೋ? ಕೊಡದಿದ್ದರೆ ಬೇನೆ ಮರಳೀತು. ಕೊಟ್ಟರೆ ಆ ರಾತ್ರಿ ಮರಳೀತು. ಐಹೊಳೆಯ ಶಿಲ್ಪಿಗಳನ್ನು ಎಲ್ಲರೂ ಪ್ರಯೋಗಶೀಲರೆಂದು ಹೊಗಳುತ್ತಾರೆ. ಮರದ ಮನೆಯ ಛಾವಣಿಯನ್ನು ಕಲ್ಲಿನಲ್ಲಿ ಅನುಕರಿಸಿ ನೋಡಿದರು, ಗಜಪೃಷ್ಠದ ಗುಡಿಯ ಮೇಲೆ ಒಪ್ಪದ ಶಿಖರವೊಂದನ್ನು ಇಟ್ಟು ನೋಡಿದರು, ಒಂದು ಹೊಂದದಿದ್ದರೆ ಪಕ್ಕದಲ್ಲಿ ಇನ್ನೊಂದನ್ನು ಕಟ್ಟಿದರು, ಹೀಗೆ ನೂರಕ್ಕೂ ಮಿಕ್ಕ ಗುಡಿಗಳಾದವು. ನನಗಿದ್ದುದು ಒಂದೇ ಬೆಕ್ಕು.

ಡಾಕ್ಟರರು ಫೋನಿನಲ್ಲಿ ಪ್ರತಿ ವಾರವೂ ಇಳಿಸುತ್ತ ಬಂದರು. ಅರ್ಧ, ಕಾಲು, ಅನಂತರ ಅಂಕಿ ಏರಿದರಷ್ಟೇ ಕಾಲು. ಕಾಲು ಯೂನಿಟ್ ಎಂಬುದಕ್ಕೆ ಗೆರೆಯೇ ಇಲ್ಲ. ಅದು ಶ್ರದ್ಧೆಗೆ ಬಿಟ್ಟ ವಿಷಯ. ಕಡೆಗೆ ಒಂದು ಸೋಮವಾರ, “ಇವತ್ತಿಂದ ಸೂಜಿ ಬ್ಯಾಡ್ರಿ. ನಾಕು ವಾರ ಹಿಂಗ ನಿಂತ್ರ ಬೇನಿ ಹಿಂದ್ ಸರೀತು ಅನ್ನೋಣು” ಎಂದರು. ಹಿಂದೆ ಸರಿಯಿತು ಎಂದರಲ್ಲದೆ ಹೋಯಿತು ಎನ್ನಲಿಲ್ಲ. ನರ್ಮದೆಯ ತೀರದಿಂದ ಹರ್ಷವರ್ಧನ ಹಿಂದೆ ಸರಿದಂತೆ, ಆಚೆಯ ದಡದಲ್ಲಿ ಅದು ಇದ್ದೇ ಇರುತ್ತದೆ ಎಂದು ನಾನು ತಿಳಿದುಕೊಂಡೆ. ನಾಲ್ಕು ವಾರವೂ ನಿಂತಿತು. ಪುಲಿಕೇಶಿ ಮಾತ್ರ ಬೆಳಿಗ್ಗೆ ಏಳು ಗಂಟೆಗೆ ಚಾಪೆಯ ಮೇಲೆ ಬಂದು ಕುಳಿತು, ಕಿವಿಯನ್ನು ಒಡ್ಡಿ, ಯಾರೂ ಚುಚ್ಚದಿದ್ದರೂ ದಕ್ಷಿಣೆಯನ್ನು ಕೇಳುವುದನ್ನು ಬಿಡಲಿಲ್ಲ.

ಉಸುಕಿನ ಗುಂಪಿಯಲ್ಲಿ ಇರುವೆಗಳು ಕಾಣದಾಗಿ ಬಹಳ ದಿನಗಳಾಗಿದ್ದುವು. ಅವು ಎಲ್ಲಿಗೆ ಹೋದುವೆಂದು ನಾನು ಚಿಂತಿಸಲಿಲ್ಲ, ಚಿಂತಿಸಬೇಕಾಗಿತ್ತು. ಮೊನ್ನೆ ಸಾಯಂಕಾಲ ನನ್ನಾಕೆ ಪಡಸಾಲೆಯ ಗೋಡೆಗುಂಟ ಕಣ್ಣಾಡಿಸುತ್ತ, ಹೊಸ್ತಿಲಿನಿಂದ ಹೊರಟ ಒಂದು ಕಪ್ಪು ಗೆರೆ ಪುಸ್ತಕದ ಕಪಾಟನ್ನು ಏರಿ, ಎಪಿಗ್ರಾಫಿಯಾ ಇಂಡಿಕಾದ ಆರನೆಯ ಸಂಪುಟದ ಹಿಂದೆ ಮರೆಯಾಗುವುದನ್ನು ಕಂಡಳು. ಕೀಲ್‌ಹಾರ್ನ್ ಪಂಡಿತರು ರವಿಕೀರ್ತಿಯ ಶಾಸನವನ್ನು ಸಂಪಾದಿಸಿ ಪ್ರಕಟಿಸಿರುವುದು ಆ ಸಂಪುಟದಲ್ಲಿಯೇ. ಅಮೀನಗಡದ ಕರದಂಟಿನ ಅರ್ಧ ಕಿಲೋ ಪೊಟ್ಟಣವನ್ನು ನಾನು ಇರಿಸಿದ್ದುದೂ ಅದರ ಹಿಂದೆಯೇ, ಆ ಗ್ರಂಥವನ್ನು ನಮ್ಮ ಮನೆಯಲ್ಲಿ ಬೇರೆ ಯಾರೂ ಮುಟ್ಟಲಾರರೆಂಬ ಭರವಸೆಯಿಂದ.

ಆಕೆ ಏನೂ ಮಾತನಾಡಲಿಲ್ಲ. ಚಾಪೆಯನ್ನು ಹಾಸಿದಳು, ಗ್ಲೂಕೋಮೀಟರನ್ನು ತಂದಳು. ಪುಲಿಕೇಶಿ ಓಡಿ ಬಂದು ಕಿವಿಯನ್ನು ಒಡ್ಡಿದ. “ನೀ ಅಲ್ಲೋ, ಸರಿ,” ಎಂದು ಅವನನ್ನು ಪಕ್ಕಕ್ಕೆ ತಳ್ಳಿ, “ರೀ, ಬೆರಳ ತರ್ರಿ ಇಲ್ಲೆ,” ಎಂದಳು. 268. ವಹಿಯನ್ನು ತೆಗೆದು, ಬೆಕ್ಕಿನ ಕೊನೆಯ ಅಂಕಿಯ ಕೆಳಗೊಂದು ಗೀಟೆಳೆದು, ಹೊಸ ಪುಟದ ನೆತ್ತಿಯ ಮೇಲೆ ತನ್ನ ದುಂಡನೆಯ ಅಕ್ಷರಗಳಲ್ಲಿ ಬರೆದಳು: ಮುಮ್ಮಡಿ.