ಕಾಂಪೌಂಡ್ ಪ್ರಶಸ್ತಿ 2023

ಡಿಸೆಂಬರ್ ಕೊನೆಯ ವಾರ ಬಂತೆಂದರೆ ಪತ್ರಿಕೆ, ಟಿವಿಗಳಿಗೆ ಹಿನ್ನೋಟದ ಸಂಭ್ರಮ. ವರ್ಷದ ಹತ್ತು ಸಿನಿಮಾ, ಹತ್ತು ಹಾಡು, ಹತ್ತು ವಿವಾದ, ಹತ್ತು ಮದುವೆ, ಐದು ವಿಚ್ಛೇದನ. ಯಾರು ಆರಿಸಿದರು, ಏನು ನೋಡಿ ಆರಿಸಿದರು ಅಂತ ಕೇಳುವ ಹಾಗಿಲ್ಲ. ಹೆಚ್ಚೆಂದರೆ ಕೋಟಿ ನೋಡಿ ಆರಿಸಿರುತ್ತಾರೆ. 2022ರಲ್ಲಿ ‘ಕೆಜಿಎಫ್ 2’ ಮತ್ತು ‘ಕಾಂತಾರ’ ಬಂದುಹೋದ ಮೇಲಂತೂ ನಮ್ಮ ಬೀದಿಗೆ ಬರುವ ಸೊಪ್ಪಿನವನೂ ಕಲೆಕ್ಷನ್ ಲೆಕ್ಕ ಹೇಳುತ್ತಾನೆ. ಅದರಲ್ಲಿ ಅವನಿಗೂ ಒಂದು ಪಾಲು ಬಂದಿದೆಯೇನೋ ಅನ್ನುವ ಹಾಗೆ.

ನನ್ನ ಲೆಕ್ಕ ಬೇರೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡ್ ಇದೆ. ಆ ಕಡೆ ರಿಟೈರಾದ ಗಣಿತದ ಮೇಷ್ಟ್ರು, ಅವರ ಹೆಂಡತಿ. ಅವರನ್ನು ನಾನು ಅಕ್ಕ ಅನ್ನುತ್ತೇನೆ. ಈ ಕಡೆ ನಾನು. ಒಂದು ಸಿನಿಮಾವೋ ಮ್ಯಾಚೋ ನೋಡಿದ ಮಾರನೆಯ ಬೆಳಿಗ್ಗೆ ಅದರ ಮಾತೆತ್ತಿದರೆ ಎರಡೂ ಮನೆಯಲ್ಲಿ ಹಾಲು ಉಕ್ಕಬೇಕು. ಅಷ್ಟು ಹೊತ್ತು ಮಾತು ನಿಲ್ಲಬಾರದು. ‘ಚೆನ್ನಾಗಿತ್ತು ಕಣ್ರೀ’ ಅಂತ ಒಂದೇ ಏಟಿಗೆ ಮುಗಿದುಹೋದರೆ ಅದು ಚೆನ್ನಾಗಿರಲಿಲ್ಲ ಅಂತಲೇ ಅರ್ಥ. ಜಗಳವಾದರೆ ಇನ್ನೂ ಒಳ್ಳೆಯದು.

ಈ ಪರೀಕ್ಷೆಯಲ್ಲಿ ಮೊದಲು ಫೇಲಾದವು ಗದ್ದಲದ ಸಿನಿಮಾಗಳು. ಕೆಜಿಎಫ್‌ನ ಮಸಿಯನ್ನೇ ಮುಖಕ್ಕೆ ಬಳಿದುಕೊಂಡು, ಅದೇ ಕತ್ತಲಲ್ಲಿ, ಅದೇ ಕೊಡಲಿ ಹಿಡಿದು ಬಂದವು ಒಂದೆರಡಲ್ಲ. ಮನೆಗೆ ಬಂದ ಮೇಲೆ ಮಾತಾಡೋಣ ಅಂದರೆ ಕಿವಿಯೇ ಕೇಳಿಸುತ್ತಿರಲಿಲ್ಲ.

ಮೇ ತಿಂಗಳು ನೆನಪಿದೆಯಲ್ಲ? 13ಕ್ಕೆ ವಿಧಾನಸಭೆ ಫಲಿತಾಂಶ. ಆಮೇಲೆ ಮುಖ್ಯಮಂತ್ರಿ ಯಾರು ಅನ್ನುವ ಕಥೆ ದಿಲ್ಲಿಯಲ್ಲಿ ಶುರುವಾಯಿತು. ಯಾರು ವಿಮಾನ ಹತ್ತಿದರು, ಯಾರಿಗೆ ಹೊಟ್ಟೆನೋವು, ಯಾರ ಕಾರು ಯಾರ ಮನೆ ಮುಂದೆ ನಿಂತಿತು ಅಂತ ಟಿವಿಯವರು ಎಡೆಬಿಡದೆ ತೋರಿಸಿದರು. ಪ್ರಮಾಣವಚನ ಆದದ್ದು 20ಕ್ಕೆ. ಈ ಎಲ್ಲದರ ನಡುವೆ 19ನೇ ತಾರೀಕು ಶುಕ್ರವಾರ ಸದ್ದಿಲ್ಲದೆ ಬಂತು ‘ಡೇರ್‌ಡೆವಿಲ್ ಮುಸ್ತಾಫಾ’. ತೇಜಸ್ವಿಯವರ ಕಥೆ. ದುಡ್ಡು ಹಾಕಿದವರು ಯಾವ ದೊಡ್ಡ ಕಂಪನಿಯೂ ಅಲ್ಲ, ನೂರರ ಲೆಕ್ಕದಲ್ಲಿ ಒಟ್ಟು ಸೇರಿದ ತೇಜಸ್ವಿ ಓದುಗರು. ನಿರ್ದೇಶಕ ಶಶಾಂಕ್ ಸೋಗಾಲ್‌ಗೆ ಅದು ಮೊದಲ ಸಿನಿಮಾ. ಒಬ್ಬ ಲೇಖಕನನ್ನು ಓದಿದವರು ಗುಂಪಾಗಿ ಹೋಗಿ ಸಿನಿಮಾ ಮಾಡಿಸಿಕೊಂಡು ಬರುವುದು ಅಂದರೆ ಏನು! ನಾವು ಲೇಖಕರಿಗೆ ಹೆಚ್ಚೆಂದರೆ ಶಾಲು ಹೊದಿಸಿ ಫೋಟೊ ತೆಗೆಸಿಕೊಳ್ಳುವ ಜನ.

ಮೇಷ್ಟ್ರು ‘ಅಬಚೂರಿನ ಪೋಸ್ಟಾಫೀಸು’ ಸಂಕಲನವನ್ನು ಪಠ್ಯಪುಸ್ತಕದ ಹಾಗೆ ಓದಿದವರು. ಅದೇ ಪುಸ್ತಕದಿಂದ ಗಿರೀಶ ಕಾಸರವಳ್ಳಿಯವರು ‘ತಬರನ ಕಥೆ’ ಮಾಡಿದಾಗಿನ ಮಾತನ್ನು ಇವತ್ತಿಗೂ ನಿನ್ನೆಯದೆಂಬಂತೆ ಆಡುತ್ತಾರೆ. ಅವರ ತಕರಾರು ಇಷ್ಟು: “ಕಥೆಯಲ್ಲಿ ಮುಸ್ತಾಫಾ ಅರ್ಧ ತಯಾರಾಗೋದೇ ಆ ಹುಡುಗರ ಗುಮಾನಿಯಲ್ಲಿ. ಸಿನಿಮಾದವರು ಅವನಿಗೊಂದು ಮುಖ ಕೊಟ್ಟುಬಿಟ್ಟರು. ಚೆಂದದ ಮುಖ ಬೇರೆ. ಗುಮಾನಿ ಎಲ್ಲಿಂದ ಹುಟ್ಟಬೇಕು?” ನಾನಂದೆ, ಮೇಷ್ಟ್ರೇ, ಸಾಬರ ಹುಡುಗನೊಬ್ಬ ಕ್ಲಾಸಿಗೆ ಬರುತ್ತಾನೆ ಅಂದರೆ ಸಾಕು, ಈಗಿನ ಕಾಲದಲ್ಲಿ ಗುಮಾನಿಯನ್ನು ನೋಡುವವರೇ ಮನೆಯಿಂದ ತಂದಿರುತ್ತಾರೆ, ತೆರೆಯ ಮೇಲೆ ಬೇರೆ ಹುಟ್ಟಿಸಬೇಕಾಗಿಲ್ಲ. ಅವರು ಒಪ್ಪಲಿಲ್ಲ. ಸಿನಿಮಾದೊಳಗಿನ ಕ್ರಿಕೆಟ್ ಪಂದ್ಯ ತುಸು ಉದ್ದವಾಯಿತು ಅನ್ನುವುದರಲ್ಲಿ ಮಾತ್ರ ಇಬ್ಬರೂ ಒಂದಾದೆವು. ಆದರೂ ನೋಡಿ, ಸೌಹಾರ್ದ ಅಂದ ಕೂಡಲೇ ಮೈಕು ಹಿಡಿಯುವ ನಮ್ಮಲ್ಲಿ, ಭಾಷಣ ಕಮ್ಮಿ, ತುಂಟತನ ಜಾಸ್ತಿ ಇಟ್ಟುಕೊಂಡು ಒಂದು ಸಿನಿಮಾ ಬಂತಲ್ಲ. ನನ್ನ ಪಟ್ಟಿಯಲ್ಲಿ ಸಿನಿಮಾಗಳ ಪೈಕಿ ಇದಕ್ಕೇ ಮೊದಲ ಜಾಗ. ಮೇಷ್ಟ್ರು ಏನಾದರೂ ಅಂದುಕೊಳ್ಳಲಿ.

ಜುಲೈ 21ರಂದು ಲೋಕವೆಲ್ಲ ‘ಬಾರ್ಬಿ’ಯೋ ‘ಆಪನ್‌ಹೈಮರ್’ರೋ ಅಂತ ಬಡಿದಾಡುತ್ತಿತ್ತು. ಅದೇ ದಿನ ನಮ್ಮಲ್ಲಿ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಬಿಡುಗಡೆ. ಗುಲಾಬಿ ಬಣ್ಣದ ಗೊಂಬೆ ಒಂದು ಕಡೆ, ಅಣುಬಾಂಬು ಒಂದು ಕಡೆ, ನಡುವೆ ಲುಂಗಿ ಉಟ್ಟ ನಮ್ಮ ಹುಡುಗರು. ಒಂದು ರಾತ್ರಿ, ಒಂದು ಹಾಸ್ಟೆಲ್ಲು, ಒಂದು ವಾರ್ಡನ್ ಹೆಣ, ಅಷ್ಟೇ ಬಂಡವಾಳ. ‘ಕಾಂತಾರ’ಕ್ಕೆ ಕ್ಯಾಮೆರಾ ಹಿಡಿದಿದ್ದ ಅರವಿಂದ್ ಕಶ್ಯಪ್ ಅವರೇ ಇಲ್ಲೂ ಹಿಡಿದಿದ್ದಾರೆ. ಹಿಡಿದಿದ್ದಾರೆ ಅನ್ನುವುದಕ್ಕಿಂತ ಹಿಡಿದುಕೊಂಡು ಓಡಿದ್ದಾರೆ ಅನ್ನಬೇಕು. ಅರ್ಧಕ್ಕೇ ಮೇಷ್ಟ್ರು ಕಣ್ಣು ಮುಚ್ಚಿ, ಮಿಕ್ಕ ಸಿನಿಮಾವನ್ನು ರೇಡಿಯೊ ನಾಟಕದ ಹಾಗೆ ಕೇಳಿದರು. ನನಗೆ ನಕ್ಕೂ ನಕ್ಕೂ ಪಕ್ಕೆ ಹಿಡಿಯಿತು. ನಿರ್ದೇಶಕ ನಿತಿನ್ ಕೃಷ್ಣಮೂರ್ತಿಗೆ ಹಾಸ್ಟೆಲ್ಲಿನ ಭಾಷೆ ಗೊತ್ತು. ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ, ಯಾರೂ ಕೇಳಿಸಿಕೊಳ್ಳುವುದಿಲ್ಲ, ಕೆಲಸ ಮಾತ್ರ ಕೆಡುತ್ತಾ ಹೋಗುತ್ತದೆ. ಇದನ್ನು ಬಾಯಿಪಾಠ ಮಾಡಿ ಒಪ್ಪಿಸಿದರೆ ಬರುವುದಿಲ್ಲ.

ಆಗಸ್ಟ್‌ನಲ್ಲಿ ‘ಜೈಲರ್’. ರಜನಿಕಾಂತ್ ಸಿನಿಮಾ, ತಮಿಳು, ಎಲ್ಲ ಸರಿ. ಶಿವಣ್ಣ ಬಂದದ್ದು ಎಷ್ಟು ಹೊತ್ತು? ಒಗ್ಗರಣೆ ಸಿಡಿದು ಮುಗಿಯುವಷ್ಟು. ಚುಟ್ಟಾ ಕಚ್ಚಿಕೊಂಡು, ಒಂದು ಟಿಶ್ಯೂ ಡಬ್ಬ ಇಟ್ಟುಕೊಂಡು ಮಾತಿಲ್ಲದೆ ನಿಂತರು, ಚಿತ್ರಮಂದಿರ ಎದ್ದು ನಿಂತಿತು. ನಾಲ್ಕು ಪುಟ ಡೈಲಾಗು ಬರೆಸಿಕೊಳ್ಳುವ ನಮ್ಮ ಹೀರೋಗಳು ಆ ಟಿಶ್ಯೂ ಡಬ್ಬಕ್ಕೆ ದಿನಾ ಕೈಮುಗಿಯಬೇಕು.

ಸೆಪ್ಟೆಂಬರ್ 1ಕ್ಕೆ ಬಂದ ‘ಸಪ್ತ ಸಾಗರದಾಚೆ ಎಲ್ಲೋ’ ನಮ್ಮ ಕಾಂಪೌಂಡಿನ ಅತಿ ದೊಡ್ಡ ಕದನ. ಧಣಿ ಮನೆಯವರ ಅಪಘಾತವನ್ನು ಮನು ತನ್ನ ತಲೆಗೆ ಕಟ್ಟಿಕೊಂಡು ಜೈಲಿಗೆ ಹೋಗುತ್ತಾನೆ, ಹೊರಗೆ ಪ್ರಿಯಾ ಕಾಯುತ್ತಾಳೆ. ಅಕ್ಕನಿಗೆ ಮೈಯೆಲ್ಲ ಉರಿ. “ಒಂದು ಮನೆ ಮಾಡ್ಕೋಬೇಕು ಅಂತ ಜೈಲಿಗೆ ಹೋಗೋ ಗಂಡಸು ಯಾರಮ್ಮ? ಬ್ಯಾಂಕಲ್ಲಿ ಲೋನ್ ಸಿಗಲ್ವಾ? ಆ ಹುಡುಗಿನ ಒಂದು ಮಾತು ಕೇಳಿದ್ದರೆ ಕಥೆ ಹತ್ತು ನಿಮಿಷಕ್ಕೆ ಮುಗೀತಿತ್ತು.” ಮೇಷ್ಟ್ರು, “ಹತ್ತು ನಿಮಿಷದ ಸಿನಿಮಾಗೆ ಯಾರೇ ಟಿಕೆಟ್ ತಗೋತಾರೆ?” ಅಂದರು. ನಾನು ರುಕ್ಮಿಣಿ ವಸಂತ್ ಕಣ್ಣಿನ ಬಗ್ಗೆ, ಚರಣ್ ರಾಜ್ ಸಂಗೀತದ ಬಗ್ಗೆ ಹೇಳಹೊರಟರೆ ಅಕ್ಕ ಲೋನಿನಿಂದ ಕದಲಲಿಲ್ಲ. ನಿಜ ಹೇಳುತ್ತೇನೆ, ಆಮೇಲೆ ಆ ಪ್ರಶ್ನೆ ನನ್ನನ್ನೂ ಹಿಡಿದುಕೊಂಡಿತು. ನಿರ್ದೇಶಕ ಹೇಮಂತ್ ರಾವ್ ಅವರ ಮನು ದುಡ್ಡಿಗಿಂತ ಹೆಚ್ಚಾಗಿ ಅವಸರಕ್ಕೆ ಜೈಲಿಗೆ ಹೋದವನು. ಅವಳಿಗೆ ಸಮುದ್ರದ ಪಕ್ಕ ಒಂದು ಮನೆ, ಈಗಲೇ, ಅವಳನ್ನು ಕೇಳದೆಯೇ. ತ್ಯಾಗ ಮಾಡುವ ಗಂಡಸರು ಮೊದಲು ಮನೆಯಲ್ಲಿ ಒಂದು ಮಾತು ಕೇಳಬೇಕು ಅನ್ನುವುದನ್ನು ಅಷ್ಟು ಚೆಂದವಾಗಿ, ನೀಲಿ ಬಣ್ಣದಲ್ಲಿ ಅದ್ದಿ ತೋರಿಸಿದ್ದಾರಲ್ಲ ಅನ್ನಿಸಿತು. ನವೆಂಬರ್ 17ಕ್ಕೆ ಎರಡನೇ ಭಾಗ ಬಂತು. ನೀಲಿ ಹೋಗಿ ಕೆಂಪಾಯಿತು, ಮನು ಹೊರಗೆ ಬಂದ. ಅಕ್ಕ ಹೋಗಲಿಲ್ಲ. “ಇನ್ನೂ ಅವಳ ಹಿಂದೆ ಸುತ್ತುತಾನಂತಲ್ಲ, ಬಿಟ್ಟುಬಿಡಬಾರದಾ” ಅಂತ ಅಲ್ಲಿಂದಲೇ ವಿಮರ್ಶೆ ಮುಗಿಸಿದರು. ನನಗೂ ಮೊದಲ ಭಾಗವೇ ಸಾಕಾಗಿತ್ತು.

ಅದರ ಮರುವಾರವೇ ರಾಜ್ ಬಿ. ಶೆಟ್ಟಿಯವರ ‘ಸ್ವಾತಿ ಮುತ್ತಿನ ಮಳೆ ಹನಿಯೇ’. ಸಾವಿನ ದಿನ ಎಣಿಸುವವರನ್ನು ನೋಡಿಕೊಳ್ಳುವ ಆಶ್ರಮದ ಕಥೆ. ನಾವು ಮೂವರೂ ನೋಡಿದೆವು, ಮೂವರೂ ಏನೂ ಮಾತಾಡಲಿಲ್ಲ. ಹಾಗಂತ ಅದನ್ನು ಫೇಲು ಮಾಡಲು ಮನಸ್ಸು ಬರುವುದಿಲ್ಲ. ಪಟ್ಟಿಯ ಪಕ್ಕದಲ್ಲಿ ಬರೆದಿಟ್ಟಿದ್ದೇನೆ. ಅಕ್ಕನಿಗೆ ಒಂದೇ ಒಂದು ಸಿನಿಮಾ ಪೂರ್ತಿ ಹಿಡಿಸಿತು, ‘ಆಚಾರ್ & ಕೋ’. ಸಿಂಧು ಶ್ರೀನಿವಾಸಮೂರ್ತಿ ತಾವೇ ಬರೆದು, ನಿರ್ದೇಶಿಸಿ, ನಟಿಸಿದ್ದು. ಹಳೇ ಬೆಂಗಳೂರಿನ ಮನೆ, ಹತ್ತು ಮಕ್ಕಳು. ಕಥೆಗಿಂತ ಆ ಮನೆಯ ಪಾತ್ರೆಪಗಡ, ಟ್ರಂಕು ನೋಡಿ ಅಕ್ಕ ಖುಷಿಪಟ್ಟರು.

ಸಿನಿಮಾ ಸಾಕು. ಅಕ್ಟೋಬರ್‌ನಲ್ಲಿ ಕನ್ನಡ ಬಿಗ್ ಬಾಸ್ ಹತ್ತನೇ ಸೀಸನ್ ಶುರುವಾಯಿತು. ನಾನು ಬಿಗ್ ಬಾಸ್ ನೋಡುವುದಿಲ್ಲ, ಅಂದರೆ ನೋಡುವುದಿಲ್ಲ ಅಂತ ಹೇಳುತ್ತೇನೆ. ಸ್ಪರ್ಧಿಯೊಬ್ಬರ ಕೊರಳಲ್ಲಿ ಹುಲಿ ಉಗುರು ಇದೆ ಅಂತ ಅರಣ್ಯ ಇಲಾಖೆಯವರು ಆ ಮನೆಯಿಂದಲೇ ಕರೆದುಕೊಂಡು ಹೋಗಿ ಬಂಧಿಸಿದರಲ್ಲ, ಅಲ್ಲಿಂದ ಮುಂದಿನ ವಾರ ಇಡೀ ರಾಜ್ಯವೇ ಬಿಗ್ ಬಾಸ್ ಮನೆಯಾಯಿತು. ನಟರು, ಸ್ವಾಮೀಜಿಗಳು ಅಂತ ಯಾರನ್ನೂ ಬಿಡದೆ ಹಳೇ ಫೋಟೊಗಳಲ್ಲಿ ಜನ ಬರೀ ಕೊರಳು ಹುಡುಕಿದರು. ಅಜ್ಜನ ಕಾಲದ ಅಸಲಿ ಮಾಲು ಅಂತ ಮದುವೆಮನೆಗಳಲ್ಲಿ ಮೆರೆಸುತ್ತಿದ್ದ ಪದಕಗಳು ರಾತ್ರೋರಾತ್ರಿ ಪ್ಲಾಸ್ಟಿಕ್ ಆದವು. ನಮ್ಮದು ನಕಲಿ ಅಂತ ಎದೆ ತಟ್ಟಿ ಹೇಳಿಕೊಳ್ಳುವ ಶ್ರೀಮಂತರನ್ನು ನಾನು ನೋಡಿದ್ದು ಅದೇ ಮೊದಲು.

ಮೇಷ್ಟ್ರ ಆಯ್ಕೆ ಎರಡು, ಎರಡರಲ್ಲೂ ಲೆಕ್ಕವಿದೆ. ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವಾಗ ನಾವೆಲ್ಲ ಅವರ ಮನೆ ಟಿವಿ ಮುಂದೆ ಕೂತಿದ್ದೆವು. ಹೀರೋ ಇಲ್ಲ, ಹಾಡಿಲ್ಲ, ಪರದೆಯ ಮೇಲೆ ಒಂದು ಗೆರೆ ಕೆಳಗಿಳಿಯುತ್ತಿದೆ, ಅಷ್ಟೇ. ಮೂವತ್ತು ಕಿಲೋಮೀಟರ್ ಎತ್ತರ, ಸೆಕೆಂಡಿಗೆ 1.68 ಕಿಲೋಮೀಟರ್ ವೇಗ. ಹತ್ತೊಂಬತ್ತು ನಿಮಿಷದ ಆಸುಪಾಸಿನಲ್ಲಿ ಎರಡೂ ಸೊನ್ನೆಗೆ ಬರಬೇಕು. ಮೇಷ್ಟ್ರು ಸ್ಕೂಲಿನಲ್ಲಿ ಮೂವತ್ತು ವರ್ಷ ಹೇಳಿದ ಪಾಠವನ್ನು ಬೆಂಗಳೂರಿನ ಪೀಣ್ಯದಲ್ಲಿ ಕೂತವರು ಮಾಡಿ ತೋರಿಸುತ್ತಿದ್ದರು. 2019ರ ಸೆಪ್ಟೆಂಬರ್‌ನ ಆ ರಾತ್ರಿ ಹಿಂದಿನ ಚಂದ್ರಯಾನದ ಗೆರೆ ದಾರಿ ತಪ್ಪಿದ್ದು ಎಲ್ಲರಿಗೂ ನೆನಪಿತ್ತು, ಅದಕ್ಕೇ ಯಾರೂ ಉಸಿರು ಬಿಡಲಿಲ್ಲ. ಆರು ಗಂಟೆ ನಾಲ್ಕು ನಿಮಿಷಕ್ಕೆ ಇಳಿಯಿತು. ಮಾರನೆಯ ದಿನ ಮೇಷ್ಟ್ರು ಕಾಂಪೌಂಡಿನ ಮೇಲೆ ಸೀಮೆಸುಣ್ಣದಲ್ಲಿ ಆ ಗ್ರಾಫ್ ಬರೆದು ನನಗೆ ವಿವರಿಸಿದರು. ಅಳಿಸಬೇಡಿ ಅಂತ ಕೆಲಸದವಳಿಗೂ ಹೇಳಿದರು.

ಇನ್ನೊಂದು ವಿಶ್ವಕಪ್‌ನದು. ನವೆಂಬರ್ 7, ವಾಂಖೆಡೆ, ಅಫ್ಘಾನಿಸ್ತಾನದ ವಿರುದ್ಧ ಆಸ್ಟ್ರೇಲಿಯಾ 91ಕ್ಕೆ 7. ಬೇಕಾದದ್ದು 292. ಮ್ಯಾಕ್ಸ್‌ವೆಲ್‌ಗೆ ಕಾಲು ಹಿಡಿದುಕೊಂಡು ಓಡಲಾಗದೆ, ನಿಂತಲ್ಲೇ ನಿಂತು ಬಾರಿಸಿ 128 ಎಸೆತಕ್ಕೆ 201 ಹೊಡೆದ. ಎಲ್ಲರೂ ಅದನ್ನೇ ಹೊಗಳುತ್ತಾರೆ. ಮೇಷ್ಟ್ರ ಕಣ್ಣಿಗೆ ಬಿದ್ದದ್ದು ಈ ಕಡೆ ತುದಿ. “202 ರನ್ ಜೊತೆಯಾಟದಲ್ಲಿ ಕಮಿನ್ಸ್‌ದು ಎಷ್ಟು? ಹನ್ನೆರಡು. 68 ಬಾಲ್ ಆಡಿ ಹನ್ನೆರಡು. ಆ ಹನ್ನೆರಡಕ್ಕೆ ಎಷ್ಟು ಮಾರ್ಕ್ಸ್ ಕೊಡಬೇಕು ಹೇಳಿ ನೋಡೋಣ.” ಹಾಗಾದರೆ ಫೈನಲ್‌ನಲ್ಲಿ ನಮ್ಮ ರಾಹುಲ್ 107 ಬಾಲಿಗೆ 66 ಹೊಡೆದದ್ದಕ್ಕೆ ಯಾಕೆ ಬೈದಿರಿ ಅಂತ ಕೇಳಿದೆ. ಆ ಪ್ರಶ್ನೆಗೆ ಉತ್ತರ ಇನ್ನೂ ಬರಬೇಕಾಗಿದೆ.

ಇಷ್ಟೆಲ್ಲ ನಾವಿಬ್ಬರು ಚರ್ಚೆ ಮಾಡುವಾಗ ಅಕ್ಕ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ, “ನಿಮ್ಮ ಪಟ್ಟಿ ನೀವೇ ಇಟ್ಕೊಳ್ಳಿ ಕಣಮ್ಮ. ಈ ವರ್ಷದ ಮಜಾ ಅಂದ್ರೆ ಕೆಂಪು ಬಸ್ಸು” ಅಂದರು.

ಜೂನ್ 11ಕ್ಕೆ ಹೆಂಗಸರಿಗೆ ಬಸ್ಸು ಫ್ರೀ ಮಾಡುವ ಶಕ್ತಿ ಯೋಜನೆ ಶುರುವಾದದ್ದೇ ತಡ, ಅಕ್ಕ ಆಧಾರ್ ಕಾರ್ಡನ್ನು ಪರ್ಸಿನ ಮೇಲಿನ ಖಾನೆಗೆ ಹಾಕಿದರು. ನಂಜನಗೂಡು, ತಲಕಾಡು, ಮಹದೇಶ್ವರ ಬೆಟ್ಟ, ಧರ್ಮಸ್ಥಳ. ಮದುವೆಯಾದಾಗಿನಿಂದ ‘ಮುಂದಿನ ರಜಕ್ಕೆ ಹೋಗೋಣ’ ಅಂತ ಮೇಷ್ಟ್ರು ಮುಂದೂಡಿದ್ದ ಊರುಗಳೆಲ್ಲ ಒಂದೇ ಮಳೆಗಾಲದಲ್ಲಿ ಮುಗಿದವು. ಬಸ್ಸಿನೊಳಗೆ ಏನಿಲ್ಲ ಹೇಳಿ? ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವ ಸಾಹಸ ದೃಶ್ಯ ಇದೆ. ದುಡ್ಡು ಕೊಟ್ಟೂ ನಿಂತ ಗಂಡಸರ ಗೊಣಗಾಟದ ಹಾಸ್ಯ ಇದೆ. “ಪಕ್ಕದಲ್ಲಿ ಕೂತೋಳು ಅತ್ತೆ ಕಥೆ ತೆಗೆದಳು ನೋಡು, ಸೀರಿಯಲ್‌ನೋರು ಮೂರು ತಿಂಗಳು ಎಳೀತಾರೆ, ಇವಳು ಗುಂಡ್ಲುಪೇಟೆ ಬರೋದ್ರೊಳಗೆ ಮುಗಿಸಿದಳು. ಮಧ್ಯೆ ಒಂದು ಜಾಹೀರಾತಿಲ್ಲ” ಅಂದರು ಅಕ್ಕ. ಮಲ್ಟಿಪ್ಲೆಕ್ಸಿನಲ್ಲಿ ಒಂದು ಡಬ್ಬ ಪಾಪ್‌ಕಾರ್ನ್‌ಗೆ ಕೊಡುವ ದುಡ್ಡಲ್ಲಿ ಆಯಮ್ಮ ದೇವರ ದರ್ಶನ, ಊಟ, ಒಂದು ಕೆಜಿ ನಂಜನಗೂಡು ರಸಬಾಳೆ ಎಲ್ಲ ಮುಗಿಸಿ ಬರುತ್ತಾರೆ. ಕಾಂಪೌಂಡಿನ ಹತ್ತಿರ ಅತಿ ಹೆಚ್ಚು ಹೊತ್ತು ಕಥೆ ಹೇಳಿದವರೂ ಅವರೇ. ನನ್ನದೇ ನಿಯಮದ ಪ್ರಕಾರ ಪ್ರಶಸ್ತಿ ಕೆಂಪು ಬಸ್ಸಿಗೆ ಹೋಗಬೇಕು. ತಕರಾರು ಎತ್ತಲು ನನ್ನ ಬಾಯಲ್ಲಿ ಮಾತಿಲ್ಲ.

ಮೇಷ್ಟ್ರು ಮಾತ್ರ ಪಟ್ಟಿಗೆ ಸಹಿ ಹಾಕಲಿಲ್ಲ. ಡಿಸೆಂಬರ್ 29ಕ್ಕೆ ‘ಕಾಟೇರ’ ಬರುವುದಿತ್ತು, ಅದನ್ನು ನೋಡದೆ ವರ್ಷ ಮುಗಿಸುವ ಹಾಗಿಲ್ಲ ಅಂದರು. ಉಳುವವನೇ ಹೊಲದೊಡೆಯ ಕಾನೂನಿನ ಕಾಲದ ಕಥೆಯಂತೆ. ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸರ ಕಾಲದಲ್ಲಿ, ನಮ್ಮಪ್ಪ ಡಿಕ್ಲರೇಷನ್ ಹಾಕಿ ಗೇಣಿ ಜಮೀನು ಪಡೆದವರು. ಮೇಷ್ಟ್ರ ತಂದೆ ಅದೇ ಕಾನೂನಿನಲ್ಲಿ ಗದ್ದೆ ಕಳೆದುಕೊಂಡವರು. ಸಿನಿಮಾ ಹೇಗಾದರೂ ಇರಲಿ, ಜಗಳ ಗ್ಯಾರಂಟಿ. ಹಾಲನ್ನು ಆ ದಿನ ಕುಕ್ಕರಿನಲ್ಲಿ ಕಾಯಿಸುವುದೇ ಲೇಸು.

“ಥಿಯೇಟರಿಗೆ ಆಟೋ ಗೀಟೋ ಬೇಡ” ಅಂದರು ಅಕ್ಕ. “ಸಿಟಿ ಬಸ್ಸಲ್ಲೇ ಹೋಗೋಣ. ನಮ್ಮಿಬ್ಬರಿಗೂ ಫ್ರೀ.”

“ನನಗೆ?” ಅಂದರು ಮೇಷ್ಟ್ರು.

“ನೀವು ಟಿಕೆಟ್ ತಗೊಳ್ಳಿ. ಸೀಟು ಮಾತ್ರ ಕೇಳಬೇಡಿ.”