ನಡುಬೆರಳಿನ ಓಟು

2024ರ ಏಪ್ರಿಲ್ 26ರಂದು ನಮ್ಮ ಮನೆಯಲ್ಲಿ ಯಜಮಾನರಿಗೆ ಒಂದು ಓಟು, ನನಗೆ ಎರಡು. ಕಾನೂನು ಪ್ರಕಾರವೇ! ತಮ್ಮ ಸೇನೆಯಲ್ಲಿದ್ದಾನೆ, ಲಡಾಖಿನಲ್ಲಿ. ಅಂಥವರು ಅಂಚೆ ಮತ ಬೇಡವೆಂದರೆ ಊರಲ್ಲಿರುವ ಯಾರನ್ನಾದರೂ ಪ್ರಾಕ್ಸಿ ಮಾಡಿಕೊಳ್ಳಬಹುದೆಂದು 2003ರಲ್ಲಿ ತಿದ್ದುಪಡಿಯಾಗಿದೆ. ಅವನು ಕಮಾಂಡಿಂಗ್ ಆಫೀಸರ್ ಎದುರು 13-ಎಫ್ ನಮೂನೆಗೆ ಸಹಿ ಹಾಕಿ ಅಕ್ಕನನ್ನು ನೇಮಿಸಿದ. ಹೆಂಡತಿಯನ್ನು ಬಿಟ್ಟು ಅಕ್ಕನನ್ನು! ಅವಳು ನನ್ನ ಜೊತೆ ಇವತ್ತಿಗೂ ಮುಖ ಕೊಟ್ಟು ಮಾತಾಡುವುದಿಲ್ಲ.

ಅಲ್ಲಿಂದ ನನ್ನ ಗತ್ತೇ ಬೇರೆ. ಪ್ರಚಾರಕ್ಕೆ ಬಂದವರು "ಯಜಮಾನ್ರು ಇದಾರಾ?" ಅಂದರೆ, "ಅವರದು ಒಂದೇ ಓಟು, ನನ್ ಹತ್ರ ಮಾತಾಡಿ" ಅನ್ನುತ್ತಿದ್ದೆ.

ಬೆಳಿಗ್ಗೆ ಕುಶಾಲನಗರದಲ್ಲಿ ನನ್ನ ಓಟು ಹಾಕಿ, ಬಸ್ಸು ಹತ್ತಿ ಶನಿವಾರಸಂತೆ ಕಡೆಯ ತವರೂರಿಗೆ ಹೋದೆ. ಬೂತಿನಲ್ಲಿ "ಬೆರಳು ತೋರ್ಸಿ" ಅಂದರು. ತೋರಿಸಿದೆ. ತೋರುಬೆರಳಿನ ತುಂಬ ಶಾಯಿ! 1962ರಿಂದ ಚುನಾವಣೆಗೆ ಈ ಶಾಯಿ ಮಾಡಿಕೊಡುತ್ತಿರುವ ಮೈಸೂರಿನ ಕಾರ್ಖಾನೆಯ ಬಗ್ಗೆ ಅದುವರೆಗೆ ನನಗೆ ಹೆಮ್ಮೆಯಿತ್ತು. ಆ ಕ್ಷಣ ಮಾತ್ರ, ಇಷ್ಟು ಚೆನ್ನಾಗಿ ಮಾಡಬೇಕಿತ್ತೇ ಅನ್ನಿಸಿತು.

"ಕಳ್ಳ ಓಟು!" ಎಂದು ಏಜೆಂಟೊಬ್ಬ ಎದ್ದೇಬಿಟ್ಟ. ಮತಗಟ್ಟೆ ಅಧಿಕಾರಿ ಬೆವರು ಒರೆಸಿಕೊಳ್ಳುತ್ತ ಕೈಪಿಡಿ ತಿರುವಿಹಾಕಿ ಕೊನೆಗೆ ಗೆದ್ದವರಂತೆ ತಲೆಯೆತ್ತಿದರು. ಪ್ರಾಕ್ಸಿಗೆ ಶಾಯಿ ಹಾಕಬೇಕಾದ್ದು ಎಡಗೈ ನಡುಬೆರಳಿಗೆ.

"ಮಧ್ಯದ ಬೆರಳು ಕೊಡಿ ಮೇಡಂ."

ಉಳಿದ ಬೆರಳು ಮಡಚಿ ಅದೊಂದನ್ನೇ ಎತ್ತಿದೆ. ಎದುರಿಗೆ ಏಜೆಂಟರ ಸಾಲು. ಶಾಯಿ ಹಿಡಿದಿದ್ದ ಹುಡುಗಿ ತುಟಿ ಕಚ್ಚಿಕೊಂಡು, "ಸ್ವಲ್ಪ ಕೆಳಗೆ ಇಳಿಸಿ" ಅಂದಳು. ಇಳಿಸಿದೆ, ಬೆಂಚಿನಲ್ಲಿ ಕೂತವರ ಮೂಗಿನ ನೇರಕ್ಕೆ ಬಂತು. "ಈ ಕಡೆ ತಿರುಗಿಸಿ." ತಿರುಗಿಸಿದೆ, ಅಧಿಕಾರಿಯ ಕಡೆಗಾಯಿತು. ಅವರು ಪಾಪ, ಕಿಟಕಿಯಾಚೆ ನೋಡತೊಡಗಿದರು. ಉಗುರಿಂದ ಗಿಣ್ಣಿನ ತನಕ ಗೆರೆ ಎಳೆದವಳು, "ಒಣಗೋವರೆಗೂ ಮಡಚ್ಬೇಡಿ" ಅಂದಳು. ಸರ್ಕಾರದ ಅಪ್ಪಣೆ. ಮೀರುವುದುಂಟೇ?

ಏಜೆಂಟನಿಗೆ ಇನ್ನೂ ಸಮಾಧಾನವಿಲ್ಲ. "ಒಬ್ರ ಬದಲು ಇನ್ನೊಬ್ರು ಹಾಕೋದಂದ್ರೇನು? ಪ್ರಜಾಪ್ರಭುತ್ವಕ್ಕೇ ಅವಮಾನ!" ಈ ಮಹಾನುಭಾವನ ಹೆಂಡತಿ ಹಿಂದೆ ಪಂಚಾಯಿತಿ ಅಧ್ಯಕ್ಷೆ. ಸಭೆಯಲ್ಲಿ ಕೂತವನು ಇವನು, ಮಾತಾಡಿದವನು ಇವನು, ಊರೆಲ್ಲ 'ಅಧ್ಯಕ್ಷರೇ' ಎಂದು ನಮಸ್ಕರಿಸಿದ್ದೂ ಇವನಿಗೇ. ಗಡಿ ಕಾಯುವವನು ಒಂದೇ ಒಂದು ಓಟು ಅಕ್ಕನಿಗೆ ವಹಿಸಲು ಮೇಲಧಿಕಾರಿ ಮುಂದೆ ಸಹಿ ಹಾಕಬೇಕು; ಹೆಂಡತಿಯ ಅಧಿಕಾರವನ್ನು ಇಡಿಯಾಗಿ ನುಂಗುವುದಕ್ಕೆ ಮಾತ್ರ ಯಾವ ನಮೂನೆಯೂ ಬೇಡ. ಆಕೆ ಹೊರಗೆ ಹೆಂಗಸರ ಸಾಲಿನಲ್ಲಿ ಸುಮ್ಮನೆ ನಿಂತಿದ್ದರು. ನನಗೆ ಮೈಯೆಲ್ಲ ಉರಿಯಿತು. ಶಾಯಿ ಯಾವಾಗಲೋ ಒಣಗಿದ್ದರೂ ಬೆರಳನ್ನು ಇನ್ನಷ್ಟು ಹೊತ್ತು ಅವನ ಕಡೆಗೇ ಹಿಡಿದಿದ್ದೆ.

ಆಮೇಲಿನದು ಒಂದು ಬೀಪ್, ಅಷ್ಟೇ. ಸಂಜೆ ತಮ್ಮನ ಫೋನು.

"ನಾನ್ ಹೇಳ್ದೋರಿಗೇ ಹಾಕಿದ್ಯಾ ಅಕ್ಕಾ?"

ಅವನು ಹೇಳಿದ್ದು, ಬೆಳಿಗ್ಗೆ ನಾನು ಓಟು ಹಾಕಿದವರ ಎದುರಾಳಿಯ ಹೆಸರು.

"ಗುಪ್ತ ಮತದಾನ ಕಣೋ" ಅಂದೆ.

ಈ ನೇಮಕ ರದ್ದಾಗುವ ತನಕ ಊರ್ಜಿತ. ರದ್ದು ಮಾಡಲು 13-ಜಿ ಎಂಬ ನಮೂನೆಯಿದೆ. ತಮ್ಮ ಅದನ್ನು ತರಿಸಿಕೊಂಡಿದ್ದಾನೆಂದು ಅವನ ಹೆಂಡತಿ ಮೊನ್ನೆ ತಾನಾಗಿಯೇ ಫೋನ್ ಮಾಡಿ ಹೇಳಿದಳು.