ಆಗಮನ ಮೀಮಾಂಸೆ: 'ಇಲ್ಲೇ' ಎಂಬ ಮಾನದ ಪ್ರಥಮ ಪರಿಶೀಲನೆ

'ಪರದೇಶಿ' ಎಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥ: ಬೇರೆ ನಾಡಿನವನು ಮತ್ತು ಹೇಳುವವರು ಕೇಳುವವರು ಇಲ್ಲದವನು. ಇವೆರಡೂ ಬೇರೆ ಬೇರೆಯೆಂದು ನಂಬಿದ ನಿಘಂಟುಕಾರರು ರಾತ್ರಿ ಎರಡೂವರೆಗೆ ವಾಡಿ ಜಂಕ್ಷನ್ನಿನಲ್ಲಿ ಇಳಿದವರಲ್ಲ. ಪ್ರಬಂಧಕಾರ ಇಳಿದಿದ್ದಾನೆ. ಹುಟ್ಟೂರು ಬೆಂಗಳೂರು, ಮನೆಮಾತು ಕನ್ನಡ. ಆದರೂ ಚಹಾದಂಗಡಿಯವರು "ಕುಂದರ್ರಿ" ಅಂದಾಗ ಅರೆಗಳಿಗೆ ನಿಂತೇ ಇದ್ದ. ಪರದೇಶ ಎಲ್ಲಿಂದ ಶುರುವಾಗುತ್ತದೆ ಎಂಬ ಪ್ರಶ್ನೆಗೆ ಇದು ಮೊದಲ ಉಪಪತ್ತಿ.

1874ರಲ್ಲಿ ನಿಜಾಮರ ಸೀಮೆಯ ಸಿಕಂದರಾಬಾದ್ ಹಳಿ ಬಂದು ಮುಂಬೈ–ರಾಯಚೂರು ಹಳಿಯನ್ನು ಕೂಡಿದ್ದು ವಾಡಿಯಲ್ಲಿ. ಆದ್ದರಿಂದ ಈ ಊರಿಗೆ ಯಾರೂ ಬರುವುದಿಲ್ಲ, ಗಾಡಿ ಬದಲಿಸುತ್ತಾರೆ ಅಷ್ಟೇ ಎಂಬುದು ಪೂರ್ವಪಕ್ಷ. ಸಿಮೆಂಟ್ ಕಾರ್ಖಾನೆಯ ರಾತ್ರಿಪಾಳಿಯವರ ಮುಂದೆ ಇದನ್ನು ಮಂಡಿಸದಿರುವುದು ಕ್ಷೇಮ. ಪಕ್ಕದ ಶಹಾಬಾದಿನ ಪ್ರಕರಣ ಇನ್ನೂ ತೊಡಕಿನದು. ಪ್ರಬಂಧಕಾರ ಪುಣೆಯ ಸೋದರತ್ತೆಯ ಮನೆಯಲ್ಲಿ ಅಂಬೆಗಾಲಿಟ್ಟಿದ್ದೇ ಶಹಾಬಾದ್ ಫರಸಿಯ ಮೇಲೆ. ಹಾಗಿದ್ದರೆ ಆತ ಶಹಾಬಾದಿಗೆ ಕಾಲಿಟ್ಟ ಮೊದಲ ದಿನ ಯಾವುದು? ಚಿಂಚೋಳಿಗೆ ರೈಲಿಲ್ಲ, ಹೀಗಾಗಿ ಅದರ ಕಾಡು, ಕೆರೆಗಳನ್ನು ಈ ಸಿದ್ಧಾಂತ ಸದ್ಯಕ್ಕೆ ಕೈಬಿಟ್ಟಿದೆ.

ಚಿತ್ತಾಪುರ ದಾಟಿ ಸೇಡಂ ಕಡೆಗೆ ಹೋಗುವಾಗ 'ಮಳಖೇಡ ರೋಡ್' ಎಂಬ ನಿಲ್ದಾಣ ಸಿಗುತ್ತದೆ. ನಿಲ್ದಾಣದ ಹೆಸರಿನಲ್ಲಿ 'ರೋಡ್' ಇದ್ದರೆ ಊರು ಅಲ್ಲಿಲ್ಲ ಎಂಬುದು ರೈಲ್ವೆಯವರ ಪ್ರಾಮಾಣಿಕ ಒಪ್ಪಿಗೆ. ಊರೆಲ್ಲಿ ಎಂದು ಕೇಳಿದರೆ "ಇಲ್ಲೇ ಅದ ರೀ" ಎಂಬ ಉತ್ತರ. ಅರ್ಧ ತಾಸು ನಡೆದ ಮೇಲೆ ಇನ್ನೊಬ್ಬರನ್ನು ಕೇಳಿದಾಗಲೂ "ಇಲ್ಲೇ ಅದ ರೀ". ಗಜ, ಹರದಾರಿ, ಕಿಲೋಮೀಟರುಗಳು ನಡೆದಂತೆ ಕರಗುತ್ತವೆ, 'ಇಲ್ಲೇ' ಮಾತ್ರ ಕರಗುವುದಿಲ್ಲ. ಬಿಸಿಲು, ಹೆಗಲ ಚೀಲ, ಎರಡೂ ಕಡೆಯ ತೊಗರಿ ಹೊಲ ಯಾವುದೂ ಅದನ್ನು ಕುಗ್ಗಿಸಲಾರವು. ಸುಳ್ಳು ಹೇಳುತ್ತಿದ್ದಾರೆಂದು ಬಗೆಯುವುದು ಬೆಂಗಳೂರಿನ ಅಲ್ಪಬುದ್ಧಿ. ದೂರವೆಂದರೆ ಬಂದವನ ಎದೆ ಒಡೆದೀತೆಂಬ ಕರುಣೆಯೇ ಈ ಮಾನದ ಮೂಲ.

ಈ ದಾರಿಯಲ್ಲಿ ದಣಿದವರಲ್ಲಿ ಪ್ರಬಂಧಕಾರ ಮೊದಲಿಗನಲ್ಲ. ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅರಬ್ಬರ ಕಿವಿಯಲ್ಲಿ ಅದು 'ಮಾಂಕೀರ್' ಆಯಿತು, ಅಲ್ಲಿನ ದೊರೆ ವಲ್ಲಭರಾಜ 'ಬಲ್ಹರಾ' ಆದ. 851ರ ಅರಬ್ಬೀ ಬರಹವೊಂದು ಅವನನ್ನು ಲೋಕದ ನಾಲ್ಕು ದೊಡ್ಡ ದೊರೆಗಳಲ್ಲಿ ಎಣಿಸಿತು. ಹೆಸರು ತಪ್ಪಾಗಿ ಕೇಳಿಸಿಕೊಂಡರೂ ಗಾತ್ರ ಸರಿಯಾಗಿ ಅಂದಾಜಿಸುವುದು ಒಳ್ಳೆಯ ಪರದೇಶಿಯ ಲಕ್ಷಣ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಕಾಲಕ್ಕೆ, ಸುಮಾರು 959ರಲ್ಲಿ, ಅಪಭ್ರಂಶದ ಕವಿ ಪುಷ್ಪದಂತ ಇಲ್ಲಿಗೆ ಬಂದ. ಸೋತು ಊರ ಹೊರಗಿನ ತೋಪಿನಲ್ಲಿ ಕೂತ. ಇಬ್ಬರು ಬಂದು ಒಳಗೆ ಬನ್ನಿ ಎಂದು ಕರೆದರು. ದುರ್ಜನರ ಹುಬ್ಬುಗಂಟು ನೋಡುವುದಕ್ಕಿಂತ ಕಾಡಿನಲ್ಲಿ ಸಾಯುವುದೇ ಲೇಸೆಂದು ಆತ ಮುನಿದ. ಬಿರುದು ಬೇರೆ 'ಅಭಿಮಾನಮೇರು'. ಮೊದಲ ದಿನದ ಸಿಡುಕಿಗೆ ಇದಕ್ಕಿಂತ ಹಳೆಯ ಪ್ರಮಾಣ ಪ್ರಬಂಧಕಾರನ ಬಳಿ ಇಲ್ಲ. ಕೊನೆಗೆ ಮಂತ್ರಿ ಭರತನ ಮನೆಯಲ್ಲಿ ಆಶ್ರಯ ದೊರೆತು, 965ರ ಹೊತ್ತಿಗೆ ಮಹಾಪುರಾಣ ಮುಗಿಯಿತು. 972ರಲ್ಲಿ ಪರಮಾರ ಸೀಯಕ ನಗರವನ್ನು ಕೊಳ್ಳೆ ಹೊಡೆದಾಗ ಪುಷ್ಪದಂತ ಮತ್ತೆ ಪರದೇಶಿಯಾದ, ಈ ಸಲ ಎರಡನೆಯ ಅರ್ಥದಲ್ಲಿ.

ಇಷ್ಟೆಲ್ಲ ಟಿಪ್ಪಣಿ ಮಾಡಿಕೊಳ್ಳುತ್ತ ಪ್ರಬಂಧಕಾರ ಕಾಗಿಣಾ ನದಿಯ ದಂಡೆಯ ಕೋಟೆಗೋಡೆಯ ಕಲ್ಲೊಂದರ ಮೇಲೆ ಕೂತು ಬೂಟು ಬಿಚ್ಚಿದ. ಆಡು ಹೊಡೆದುಕೊಂಡು ಬಂದ ಮುದುಕಪ್ಪ ನಿಂತು ನೋಡಿದ.

"ಕಾಕಾ, ಮಾನ್ಯಖೇಟ ಎಲ್ಲಿ ಬರ್ತದೆ?"

"ಇಲ್ಲೇ ಅದ ರೀ," ಎಂದು ಗದ್ದದಿಂದ ಆ ಕಲ್ಲನ್ನೇ ತೋರಿಸಿದ. "ನಿಮ್ದು ಯಾ ಊರ್ರೀ?"

"ಬೆಂಗಳೂರು."

"ಅಬಾಬಾ, ಭಾಳ ದೂರ!"